ಸ್ಕಿನ್ ಕಲರ್

ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಮಾಲ್ಟನ್ನಿನಲ್ಲಿ ವಿಮಾನಗಳು ಮನೆಯ ಮಾಡಿಗೆ ತಾಗಿಯೇಬಿಟ್ಟವು ಎನ್ನುವಷ್ಟು ಕೆಳಗೆ ಹಾರುತ್ತವೆ. ಹೊಸಬರು ಬೆಚ್ಚಿ ಮೇಲೆ ನೋಡುತ್ತಾರೆ. ನಿಂಗವ್ವ ಹೊಲಿಗೆ ಮಶೀನಿನಿಂದ ಕಣ್ಣೆತ್ತುವುದಿಲ್ಲ. ವಿಮಾನ ದಾಟುವ ತನಕ ಮಾತು ನಿಲ್ಲಿಸುತ್ತಾಳೆ, ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾಳೆ. ಬೈಯುತ್ತಿದ್ದರಂತೂ ಒಂದಕ್ಷರವೂ ನಷ್ಟವಾಗದು.

ಮಗ ನಿಜಗುಣನಿಗೆ ಪಕ್ಕದ ಊರಾದ ವಾನ್‌ನ ಗೋದಾಮೊಂದರಲ್ಲಿ ಕೆಲಸ, ಸೊಸೆ ಮಾಧುರಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅವರ ಮನೆಯ ಬೇಸ್‌ಮೆಂಟು ನಿಂಗವ್ವನ ರಾಜ್ಯ. ಧಾರವಾಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವಳು, ಗಂಡ ತೀರಿದ ಮೇಲೆ ಸಮುದ್ರ ದಾಟಿ ಇಲ್ಲಿಗೆ ಬಂದು, "ಕೈ ಕಟ್ಕೊಂಡ ಕುಂತ್ರ ನನಗ ಜಡ್ಡು ಹತ್ತತೈತಿ" ಎಂದು ಹಟ ಹಿಡಿದು ಮಗನಿಂದ ಮಶೀನು ತರಿಸಿಕೊಂಡಳು. ಈಗ ಸುತ್ತಲಿನ ಪಂಜಾಬಿ, ಗುಜರಾತಿ, ತಮಿಳು ಹೆಂಗಸರೆಲ್ಲ ಬ್ಲೌಸು, ಲೆಹಂಗಾ ಹಿಡಿದು ಅವಳ ಮೆಟ್ಟಿಲಿಳಿಯುತ್ತಾರೆ. ಕಸೂತಿಯಲ್ಲಂತೂ ಅವಳದು ಎತ್ತಿದ ಕೈ. ಎಳೆ ಎಣಿಸಿ, ಎಲ್ಲೂ ಗಂಟು ಹಾಕದೆ, ಬಟ್ಟೆಯನ್ನು ತಿರುವಿ ನೋಡಿದರೂ ಅದೇ ಚಿತ್ರ ಕಾಣುವಂತೆ ಹಾಕುವ ಕೆಲಸ ಅದು. ಬಟ್ಟೆ ಹಿಡಿದುಕೊಂಡು ಬಂದ ಹೆಂಗಸರಿಗೆ ಅವಳು ಇದನ್ನು ಒಂದು ಸಲವಾದರೂ ತಿರುವಿ ತೋರಿಸದೆ ಕಳಿಸಿದವಳಲ್ಲ.

ಅಮೋಯ್ ಪಕ್ಕದ ಮನೆಯ ಹುಡುಗಿ. ಅವಳ ತಾಯಿ ಜಮೈಕಾದಿಂದ ಬಂದವಳು; ಅಮೋಯ್ ಹುಟ್ಟಿ ಬೆಳೆದದ್ದು ಮಾಲ್ಟನ್ನಿನಲ್ಲೇ. ಹಗಲು ವೃದ್ಧರನ್ನು ನೋಡಿಕೊಳ್ಳುವ ಕೆಲಸ, ಉಳಿದ ಹೊತ್ತೆಲ್ಲ ಕಾಮಿಕ್ಸ್ ಬಿಡಿಸುವ ಹುಚ್ಚು. ಚಳಿಗಾಲದಲ್ಲಿ ನಿಂಗವ್ವನ ಬಾಗಿಲ ಮುಂದಿನ ಹಿಮವನ್ನು ಯಾರೂ ಕೇಳದೆ ತಾನಾಗಿ ಎತ್ತಿ ಹಾಕುವವಳು. ಇಷ್ಟಾದರೂ ನಿಂಗವ್ವನ ಬಾಯಲ್ಲಿ ಅವಳು 'ಆ ಕರೇ ಹುಡುಗಿ'.

"ಅತ್ತೀ, ಇಲ್ಲೆ ಹಂಗ ಅನಬಾರದ್ರಿ. ಇನ್ಸಲ್ಟ್ ಆಗತೈತಿ," ಎಂದು ಮಾಧುರಿ ಗದರುತ್ತಿದ್ದಳು.

"ಕರ್ರಗದಾಳ, ಕರೇ ಹುಡುಗಿ ಅಂದ್ನಿ. ನಮ್ಮತ್ತಿ ಸಾಯೂತನಾ ನನ್ನ ಕರೆವ್ವ ಅಂತ ಕರದ್ಲು. ನಾ ಏನ್ ಸತ್ನೇನ?"

ಸಾಯಲಿಲ್ಲ, ನಿಜ. ಆದರೆ ಅತ್ತೆಯ ಮಾತು ಬಂದಾಗಲೆಲ್ಲ ಮಶೀನು ತುಸು ಜೋರಾಗಿ ಓಡುತ್ತಿತ್ತು. ಬೇಸ್‌ಮೆಂಟಿನ ಗೋಡೆಯ ಮೇಲೆ ಅವಳ ಮದುವೆಯ ಫೋಟೊ ಇದೆ. ಧಾರವಾಡದ ಸ್ಟುಡಿಯೊದವನು ಅತ್ತೆಯ ಅಪ್ಪಣೆಯಂತೆ ಮದುಮಗಳ ಮುಖಕ್ಕೂ ಕುತ್ತಿಗೆಗೂ ಪೌಡರು ಮೆತ್ತಿ ಬೆಳ್ಳಗೆ ಮಾಡಿದ್ದ, ಕೈಗಳನ್ನು ಮರೆತಿದ್ದ. ಹಾಗಾಗಿ ಫೋಟೊದಲ್ಲಿ ಮುಖ ಒಬ್ಬಳದು, ಮಡಿಲಲ್ಲಿಟ್ಟ ಕೈಗಳು ಇನ್ನೊಬ್ಬಳವು. ನೋಡಿದವರು ನಕ್ಕರೆ ನಿಂಗವ್ವನೂ ನಗುತ್ತಾಳೆ. ಆ ನಗು ಅವಳಿಗೆ ರೂಢಿಯಾಗಿಹೋಗಿದೆ.

ಏಪ್ರಿಲ್‌ನಲ್ಲಿ ಅಮೋಯ್ ಒಂದು ಚಿತ್ರ ಹಿಡಿದು ಬಂದಳು. ಡೌನ್‌ಟೌನಿನಲ್ಲಿ ನಡೆಯುವ ಕಾಮಿಕ್ಸ್ ಮೇಳದಲ್ಲಿ ಮೊದಲ ಸಲ ಅವಳಿಗೆ ಸ್ವಂತದ್ದೊಂದು ಟೇಬಲ್ಲು ಸಿಕ್ಕಿತ್ತು. ತಾನೇ ಬರೆದು ಅಚ್ಚು ಹಾಕಿಸಿದ ಪುಸ್ತಕವನ್ನು ಮಾರಬೇಕು, ಅದರ ನಾಯಕಿಯ ವೇಷದಲ್ಲಿ ವೇದಿಕೆ ಹತ್ತಬೇಕು. ನಾಯಕಿಯ ಹೆಸರು ಲಾಸ್ಟ್ ಸ್ಟಾಪ್. ನಗರದ ಇನ್ನೊಂದು ತುದಿಯಲ್ಲಿರುವ ಸ್ಕಾರ್‌ಬರೋದ ಬಸ್ ಡ್ರೈವರು. ಅವಳು ತೋಳೆತ್ತಿದರೆ ಚರ್ಮದ ಮೇಲಿನ ಬಂಗಾರದ ಮಿಂಚು ಹೊತ್ತಿಕೊಂಡು ಊರಿಗೆ ಊರೇ ನಿಂತುಬಿಡುತ್ತದೆ. ನೀಲಿ ಅಂಗಿ, ಹಳದಿ ಪಟ್ಟಿ, ಬರಿಯ ತೋಳುಗಳ ತುಂಬ ಮಿಂಚು.

ಅಮೋಯ್ ಇಂಗ್ಲಿಷಿನಲ್ಲಿ ಹೇಳಿದ ಕತೆಯಲ್ಲಿ ನಿಂಗವ್ವನಿಗೆ ತಿಳಿದದ್ದು ಅರ್ಧ. ಉಳಿದರ್ಧವನ್ನು ಮಾಧುರಿ ಬಿಡಿಸಿ ಹೇಳಿದಳು. ಚಿಕ್ಕಂದಿನಿಂದ ಆ ಹುಡುಗಿ ಪ್ರತಿ ವರ್ಷ ಯಾವುದಾದರೂ ನಾಯಕಿಯ ವೇಷ ಹಾಕಿ ಮೇಳಕ್ಕೆ ಹೋಗುತ್ತಿದ್ದಳಂತೆ. ನೋಡಿದವರು ಮೆಚ್ಚಿ, "ಆಹಾ, ಅವಳ ಬ್ಲ್ಯಾಕ್ ವರ್ಷನ್ನು!" ಎನ್ನುತ್ತಿದ್ದರಂತೆ. ಬೈಗುಳವಲ್ಲ, ಹೊಗಳಿಕೆ, ಅದಕ್ಕೇ ಜಗಳ ತೆಗೆಯುವಂತೆಯೂ ಇರಲಿಲ್ಲ. ಸಿನಿಮಾಗಳಲ್ಲಿ ಅವಳಂಥವರು ನಾಯಕನ ಗೆಳೆಯರು, ಅವನ ಕೈಗೆ ಆಯುಧ ಕೊಟ್ಟು ಮೊದಲು ಸಾಯುವವರು. ವಿಡಿಯೊ ಗೇಮಿನಲ್ಲಿ ಮೈಬಣ್ಣ ಬದಲಾಯಿಸಿಕೊಳ್ಳಬಹುದಿತ್ತು, ಆದರೆ ಅವಳ ಗುಂಗುರು ಕೂದಲಿಗೆ ಅಲ್ಲಿ ಜಾಗವಿರಲಿಲ್ಲ. ಈಚೆಗೆ ಎಲ್ಲ ಬದಲಾಗುತ್ತಿದೆ, ಅವಳಂಥ ದೊಡ್ಡ ದೊಡ್ಡ ನಾಯಕರೇ ಬರುತ್ತಿದ್ದಾರೆ. ಆದರೂ ತನ್ನದೆಂಬ ಒಬ್ಬಳು ಬೇಕೆನಿಸಿ ಇವಳನ್ನು ಬಿಡಿಸಿದ್ದಳು.

"ಇವಳು ಯಾರ ವರ್ಷನ್ನೂ ಅಲ್ಲ, ಆಂಟಿ. ಇವಳೇ ಒರಿಜಿನಲ್," ಎಂದಳು ಅಮೋಯ್.

ಒರಿಜಿನಲ್ ಎಂಬ ಮಾತು ನಿಂಗವ್ವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇಳಕಲ್ ಸೀರೆ ಮಾರುವವರ ಜೊತೆ ಜೀವಮಾನವೆಲ್ಲ ಅದೇ ಮಾತಿಗೆ ಜಗಳಾಡಿದವಳು.

ಅಮೋಯ್ ಚಿತ್ರದ ತೋಳಿನ ಮೇಲೆ ಬೆರಳಿಟ್ಟು, ಮಿಂಚನ್ನು ಸ್ಕಿನ್ ಕಲರಿನ ನೆಟ್ ಬಟ್ಟೆಯ ಮೇಲೆ ಕಸೂತಿ ಮಾಡಬೇಕು, ಆ ಬಟ್ಟೆ ಕಣ್ಣಿಗೆ ಕಾಣಬಾರದು, ಮಿಂಚು ಮೈಯೊಳಗಿಂದಲೇ ಎದ್ದಂತಿರಬೇಕು ಎಂದಳು.

"ಸ್ಕಿನ್ ಕಲರ್? ಹ್ಯಾವ್, ಹ್ಯಾವ್! ಫುಲ್ ರೋಲ್!" ಎಂದಳು ನಿಂಗವ್ವ.

ಸುಳ್ಳೇನೂ ಹೇಳಲಿಲ್ಲ. ಬ್ಲೌಸಿನ ಬೆನ್ನಿಗೆ, ತೋಳಿಗೆ ಹಚ್ಚುವ ಆ ತೆಳುವಾದ ಬಲೆಬಟ್ಟೆಯ ಸುರುಳಿ ಅವಳ ಕಪಾಟಿನಲ್ಲಿ ಯಾವಾಗಲೂ ಇರುತ್ತಿತ್ತು. ಗೋಧಿಹಿಟ್ಟಿನ ಬಣ್ಣ. ಧಾರವಾಡದ ಸುಭಾಸ ರಸ್ತೆಯಲ್ಲಿ ಕೇಳಿದರೂ, ಮಾಲ್ಟನ್ನಿನ ಪಂಜಾಬಿ ಅಂಗಡಿಯಲ್ಲಿ ಕೇಳಿದರೂ ಸ್ಕಿನ್ ಕಲರ್ ಎಂದರೆ ಅದನ್ನೇ ತೆಗೆದುಕೊಡುತ್ತಾರೆ. ಕೆಂಪು ಎಂದರೆ ಕೆಂಪಾದಂತೆ ಅದೂ ಒಂದು ಬಣ್ಣದ ಹೆಸರು, ಅಷ್ಟೇ. ಅದು ಯಾರ ಸ್ಕಿನ್ನು ಎಂದು ಈ ತನಕ ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಮಿಂಚಿಗೆ ಅವಳು ಕಸೂತಿಯ ಮುರ್ಗಿ ಹೊಲಿಗೆಯನ್ನು ಆರಿಸಿದಳು. ಅದು ಅಂಕುಡೊಂಕಾಗಿ ಏರುವ ಹೊಲಿಗೆ. ಮಿಂಚಿಗೆ ಹೇಳಿ ಮಾಡಿಸಿದಂತಿತ್ತು. ಬಂಗಾರದೆಳೆ ಹಿಡಿದು, ನೆಟ್ಟಿನ ಕಣ್ಣು ಎಣಿಸಿ ಎಣಿಸಿ, ಬೇರೆ ಗಿರಾಕಿಗಳಿಂದ ಬೈಸಿಕೊಂಡು, ಮೇ ಮುಗಿಯುವಷ್ಟರಲ್ಲಿ ಎರಡೂ ತೋಳು ಮುಗಿಸಿದಳು. ಇಂಥ ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು. ಖುಷಿಯಲ್ಲಿ ಮಾಧುರಿಗೆ ತಿರುವಿ ತಿರುವಿ ತೋರಿಸಿದಳು.

ಶನಿವಾರ ಮೇಳ. ಮಂಗಳವಾರ ಸಂಜೆ ಅಮೋಯ್ ಅಳತೆ ನೋಡಲು ಬಂದಳು. ಅಂಗಿ ಮೈಗೆ ಬರೆದಿಟ್ಟಂತೆ ಕೂತಿತು. ಆಮೇಲೆ ತೋಳುಗಳನ್ನು ಏರಿಸಿಕೊಂಡು ಕನ್ನಡಿಯ ಮುಂದೆ ನಿಂತಳು, ನಿಂತೇ ಇದ್ದಳು. ಒಂದು ವಿಮಾನ ದಾಟಿತು.

"ಯಾರ ಸ್ಕಿನ್ ಇದು, ಆಂಟಿ?" ಎಂದು ಕೊನೆಗೆ ಮೆಲ್ಲಗೆ ಕೇಳಿದಳು.

ನಿಂಗವ್ವನಿಗೆ ಮೊದಲು ಬಂದದ್ದು ಸಿಟ್ಟು. ಸುರುಳಿ ಎಳೆದು ತಂದು ಅದಕ್ಕಂಟಿಸಿದ ಚೀಟಿ ತೋರಿಸಿದಳು. "ಸೀ! ರಿಟನ್! ಸ್ಕಿನ್! ನೀನೂ ಸ್ಕಿನ್ ಅಂದಿ, ನಾನೂ ಸ್ಕಿನ್ ಹಚ್ಚೀನಿ!"

ಅಮೋಯ್ ಜಗಳಕ್ಕೆ ನಿಲ್ಲಲಿಲ್ಲ. ಹೊಲಿಗೆ ಬಹಳ ಚೆನ್ನಾಗಿದೆ ಎಂದಳು. ಪರವಾಗಿಲ್ಲ, ತೋಳಿಲ್ಲದೆಯೇ ಹಾಕಿಕೊಳ್ಳುತ್ತೇನೆ ಎಂದಳು. ತೋಳುಗಳನ್ನು ಬಿಚ್ಚಿ, ನೆರಿಗೆ ಬೀಳದಂತೆ ಮಡಿಸಿ, ಮೇಜಿನ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದಳು. ಅವಳು ಬೈದು ಹೋಗಿದ್ದರೆ ನಿಂಗವ್ವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮಿಂಚಿಲ್ಲದ ಲಾಸ್ಟ್ ಸ್ಟಾಪ್ ಬರೀ ಬಸ್ ಡ್ರೈವರು ಎಂಬುದು ಅವಳಿಗೂ ಗೊತ್ತಿತ್ತು.

"ಏನ್ ತಪ್ಪೈತಿ ಇದ್ರಾಗ?" ಎಂದು ಗೊಣಗುತ್ತ ಒಂದು ತೋಳನ್ನು ತನ್ನ ಕೈಗೇ ಏರಿಸಿಕೊಂಡು ಕನ್ನಡಿ ನೋಡಿದಳು. ಮುಖ ಅವಳದೇ. ಕೈ ಮಾತ್ರ ಬೆಳ್ಳಗಿನ ಯಾರೋ ಒಬ್ಬಳದು. ಕನ್ನಡಿಯಲ್ಲಿ ಅವಳ ಹೆಗಲ ಮೇಲುಗಡೆ ಗೋಡೆಯ ಫೋಟೊವೂ ಕಾಣುತ್ತಿತ್ತು. ಅಲ್ಲಿ ಮುಖ ಬೆಳ್ಳಗೆ, ಕೈ ಕಪ್ಪು. ಇಲ್ಲಿ ಮುಖ ಕಪ್ಪು, ಕೈ ಬೆಳ್ಳಗೆ. ಅತ್ತೆ ತನಗೆ ಮಾಡಿದ್ದನ್ನೇ ತಾನು ಆ ಹುಡುಗಿಗೆ ಮಾಡಿಟ್ಟಿದ್ದಳು, ಅದೂ ಗಂಟು ಕಾಣದಂತೆ ಚಂದಾಗಿ. ನಿಂಗವ್ವನಿಗೆ ನಾಚಿಕೆಯಾಯಿತು. ತೋಳನ್ನು ಕಳಚಿಟ್ಟು ಸೊಸೆಯನ್ನು ಕೂಗಿದಳು.

ಮಾಧುರಿ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ನೋಡೋಣ ಎಂದಳು. ಒಂದು ತುಂಡನ್ನು ಅದ್ದಿದರು. ಬಟ್ಟೆ ಆಸ್ಪತ್ರೆಯ ನೀರುಚಹಾದಷ್ಟೇ ಬಣ್ಣಕ್ಕೆ ಬಂತು, ಬಂಗಾರದೆಳೆ ಮಂಕಾಯಿತು. ಬುಧವಾರ ಬೆಳಿಗ್ಗೆ ನಿಂಗವ್ವ ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಬಾಗಿಲು ಬಡಿದಳು.

"ಮೈ ಮಿಸ್ಟೇಕ್," ಎಂದಳು. "ನಿನ್ ಸ್ಕಿನ್ನು ಎಲ್ಲಿ ಸಿಗತೈತಿ? ಯು ಟೆಲ್. ಐ ಕಮ್."

ಅಮೋಯ್‌ಗೆ ನಗು ಬಂತು. ರಜೆ ಹಾಕಿ ತನ್ನ ಪುಟ್ಟ ಕಾರಿನಲ್ಲಿ ಅವಳನ್ನು ಸ್ಕಾರ್‌ಬರೋಗೆ ಕರೆದೊಯ್ದಳು. ಅಲ್ಲಿ ಒಂದು ಪ್ಲಾಜಾದ ಹಿಂಬದಿಯಲ್ಲಿ ಮಿಸ್ ವರ್ನಾ ಎಂಬ ಟ್ರಿನಿಡಾಡಿನ ಹೆಂಗಸು ಬೇಸಿಗೆಯ ಕೆರಿಬಿಯನ್ ಕಾರ್ನಿವಲ್ ಮೆರವಣಿಗೆಗೆ ವೇಷಭೂಷಣ ಹೊಲಿಸುತ್ತಾಳೆ. ಎಲ್ಲೆಲ್ಲೂ ಗರಿ, ಮಣಿ, ಅಂಟಿನ ವಾಸನೆ. ನಿಂಗವ್ವ ರೂಢಿಯಂತೆ, "ಸ್ಕಿನ್ ಕಲರ್ ನೆಟ್," ಎಂದಳು, ಎಂದು ನಾಲಿಗೆ ಕಚ್ಚಿಕೊಂಡಳು.

ಮಿಸ್ ವರ್ನಾ ಯಾವ ಸುರುಳಿಯನ್ನೂ ತೆಗೆಯಲಿಲ್ಲ. "ಕೈ ಚಾಚಿ," ಎಂದಳು.

ಅಮೋಯ್ ಚಾಚಿದಳು. ಆಕೆ ತನಗೂ ಹೇಳಿದಳೇನೋ ಅಂದುಕೊಂಡು ನಿಂಗವ್ವನೂ ಚಾಚಿದಳು. ಮಿಸ್ ವರ್ನಾ ತುಂಡುಗಳ ಗೊಂಚಲು ತಂದು ಇಬ್ಬರ ಕೈ ಮೇಲೂ ಒಂದೊಂದಾಗಿ ಹಾಸುತ್ತ ಹೋದಳು. ಕಾಫಿಪುಡಿ, ಹುಣಸೆಹಣ್ಣು, ಸುಟ್ಟ ಇಟ್ಟಿಗೆ, ಎರೆಮಣ್ಣು, ಎಲ್ಲ ಬಗೆಯ ಕಂದು ಅಲ್ಲಿತ್ತು. ಅಮೋಯ್ ಕೈ ಮೇಲೆ ಒಂದು ತುಂಡು ಬಿದ್ದದ್ದೇ ಕಾಣದಂತಾಯಿತು. ಸ್ವಲ್ಪ ಹೊತ್ತಿಗೆ ನಿಂಗವ್ವನ ಕೈ ಮೇಲೂ ಇನ್ನೊಂದು ಹಾಗೆಯೇ ಮಾಯವಾಯಿತು. ಅವಳು ಆ ಜಾಗವನ್ನು ಸುಮ್ಮನೆ ನೋಡಿದಳು. ಬಟ್ಟೆಯ ಅಂಗಡಿಯಲ್ಲಿ ತನ್ನ ಮೈಬಣ್ಣವೂ ಇರಬಹುದೆಂದು ಆಕೆಗೆ ಗೊತ್ತೇ ಇರಲಿಲ್ಲ.

"ನನಗ್ಯಾಕವ್ವಾ," ಎಂದು ಕೈ ಹಿಂದಕ್ಕೆಳೆದುಕೊಂಡಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅಂಟಿನ ವಾಸನೆಯನ್ನು ಬೈದಳು.

ಮುಗಿದ ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಎಣಿಕೆಯೆಲ್ಲ ಬಾಯಿಪಾಠವಾಗಿತ್ತು, ರಾತ್ರಿಯನ್ನೂ ಹಗಲು ಮಾಡಿದಳು. ಗುರುವಾರ, ಶುಕ್ರವಾರ ಬೇಸ್‌ಮೆಂಟಿಗೆ ಇಳಿದ ಗಿರಾಕಿಗಳನ್ನೆಲ್ಲ ಮೆಟ್ಟಿಲಿಂದಲೇ ವಾಪಸು ಕಳಿಸಿದಳು. ಮಾಧುರಿ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟಳು. ನಿಜಗುಣ ಅಡಿಗೆ ಮಾಡಿದ; ಅದನ್ನು ಯಾರೂ ಹೊಗಳಲಿಲ್ಲ. ಕಪ್ಪಿಗೆ ಹತ್ತಿರದ ಕಂದಿನ ಮೇಲೆ ಬಂಗಾರದೆಳೆ ಎಷ್ಟು ಎದ್ದು ಕಾಣುತ್ತದೆ ಎಂಬುದು ನಿಂಗವ್ವನಿಗೆ ಹೊಸ ವಿಷಯ. ಗೋಧಿಬಣ್ಣದ ಮೇಲೆ ಮಿಂಚು ಜರಿಯಂತಿತ್ತು. ಇದರ ಮೇಲೆ ಮಿಂಚೇ ಆಗಿತ್ತು.

ಶನಿವಾರ ಮಾಧುರಿ ಅತ್ತೆಯನ್ನು ಮೇಳಕ್ಕೆ ಕರೆದುಕೊಂಡು ಹೋದಳು. ಗುರಾಣಿ ಹಿಡಿದವರು, ರೆಕ್ಕೆ ಕಟ್ಟಿಕೊಂಡವರು, ಮೈಗೆಲ್ಲ ಹಸಿರು ಬಳಿದುಕೊಂಡವರು. "ಬಣ್ಣದಾಟಕ್ಕಿಂತ ಒಂದ ಕೈ ಮ್ಯಾಲ," ಎಂದಳು ನಿಂಗವ್ವ. ಅಮೋಯ್ ತನ್ನ ಟೇಬಲ್ಲಿನ ಮುಂದೆ ನಿಂತಿದ್ದಳು. ಗುಂಗುರು ಕೂದಲಿಗೆ ರಿಬ್ಬನ್ನು ಕಟ್ಟಿದ್ದ ಒಂದು ಪುಟ್ಟ ಕಪ್ಪು ಹೆಣ್ಣುಮಗು ಅವಳ ಕೈ ಹಿಡಿದು, ಮಿಂಚಿನ ಮೇಲೆ ಬೆರಳಾಡಿಸುತ್ತ, ಬಟ್ಟೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕಿತು. ಮಣಿಕಟ್ಟಿನ ತನಕ ಹುಡುಕಿತು. ಸಿಗಲಿಲ್ಲ.

"ನೋವಾಗುತ್ತಾ?" ಎಂದು ಕೇಳಿತು.

"ಬಸ್ಸು ನಿಲ್ಲಿಸುವಾಗ ಮಾತ್ರ," ಎಂದಳು ಅಮೋಯ್.

ಮಗುವಿಗೆ ಆ ಉತ್ತರ ಸಾಕಾಯಿತು. ಯಾರ ವರ್ಷನ್ನು ಎಂದು ಕೇಳಲಿಲ್ಲ.

ಮರುವಾರ ಅಮೋಯ್ ಫೋಟೊ ಒಂದನ್ನು ತಂದುಕೊಟ್ಟಳು. ತೋಳೆತ್ತಿ ನಿಂತ ಲಾಸ್ಟ್ ಸ್ಟಾಪ್, ಪಕ್ಕದಲ್ಲಿ ಮೊಣಕೈ ತನಕ ಸೆರಗು ಹೊದ್ದ ನಿಂಗವ್ವ. ನಿಂಗವ್ವ ಅದನ್ನು ಮದುವೆಯ ಫೋಟೊದ ಪಕ್ಕಕ್ಕೇ ಮೊಳೆ ಹೊಡೆದು ತೂಗುಹಾಕಿದಳು. ಓರೆಯಾಗಿದೆಯೇ ಎಂದು ದೂರ ನಿಂತು ನೋಡುತ್ತ ಸೊಸೆಯನ್ನು ಕೂಗಿದಳು.

"ಮಾಧುರೀ, ಬಾ ಇಲ್ಲೆ. ಅಮೋಯ್ ಫೋಟೊ ನೋಡ ಬಾ."

ಆ ಹೆಸರು ಅತ್ತೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಮಾಧುರಿ ಮೆಟ್ಟಿಲಿಳಿದು ಬಂದು ನೋಡಿ, ಚಂದ ಬಂದೈತ್ರಿ ಎಂದಳು.

"ಚಂದ ಬರದ ಏನ್ ಮಾಡತೈತಿ?" ಎಂದಳು ನಿಂಗವ್ವ. ಒಂದು ವಿಮಾನ ತಲೆಯ ಮೇಲೆ ಬಂತು. ಅವಳು ಕಾದಳು. ಹಳೆಯ ಫೋಟೊವನ್ನೊಮ್ಮೆ, ಹೊಸದನ್ನೊಮ್ಮೆ ನೋಡಿ, ಸದ್ದು ಅಡಗಿದ ಮೇಲೆ ಮಾತು ಮುಗಿಸಿದಳು. "ಇದ್ರಾಗ ಮಾರೀನೂ ಆಕೀದ, ಕೈನೂ ಆಕೀದ."