ಸ್ವೇಚ್ಛೆಯ ಮೇಲೊಂದು ಗೆರೆ

ನಮ್ಮ ಬೀದಿಯ ನೋಟರಿಯವರನ್ನು ಎಲ್ಲರೂ ಮುದ್ರೆ ಸಾಹೇಬರೆಂದೇ ಕರೆಯುತ್ತಿದ್ದರು. ಮುದ್ರೆ, ಮಸಿಪೆಟ್ಟಿಗೆ, ದಪ್ಪನೆಯ ದಾಖಲೆ ಪುಸ್ತಕ ಇವಿಷ್ಟನ್ನು ಒಂದೇ ಚರ್ಮದ ಚೀಲದಲ್ಲಿ ತುಂಬಿಕೊಂಡು ಮೂವತ್ತು ವರ್ಷ ತಿರುಗಿದರು. ನಕ್ಕಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಹಾಸಿಗೆ ಹಿಡಿದವರು ಕರೆದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು.

ಒಂದು ಬೆಳಿಗ್ಗೆ ದರ್ಜಿ ಅಕ್ಕನ ತಂಗಿ ಅವರ ಕಚೇರಿಗೆ ಓಡಿಬಂದಳು. ಅಕ್ಕನಿಗೆ ಹನ್ನೊಂದು ಗಂಟೆಗೆ ಶಸ್ತ್ರಚಿಕಿತ್ಸೆ. ಹೊಲಿಗೆ ಅಂಗಡಿಯ ಗುತ್ತಿಗೆ ಮುಂದುವರಿಸಲು ಅಂದೇ ಕಡೆಯ ದಿನ. ತನ್ನ ಪರವಾಗಿ ಸಹಿ ಮಾಡುವ ಅಧಿಕಾರವನ್ನು ಅಕ್ಕ ತಂಗಿಗೆ ಬರೆದುಕೊಡದಿದ್ದರೆ ಇಪ್ಪತ್ತೆರಡು ವರ್ಷದ ಅಂಗಡಿ ಬೇರೆಯವರ ಪಾಲು. ಸಾಹೇಬರು ಪತ್ರ ಟೈಪು ಮಾಡಿಸಿಕೊಂಡು ಹತ್ತೂವರೆಗೆ ವಾರ್ಡಿನಲ್ಲಿದ್ದರು. ನರ್ಸು, "ಹತ್ತೇ ನಿಮಿಷ" ಎಂದು ಪರದೆ ಎಳೆದು ಹೋದಳು.

ಅಕ್ಕ ಕನ್ನಡಕ ಏರಿಸಿ ಮೊದಲ ಅಕ್ಷರದಿಂದ ಓದತೊಡಗಿದಳು. ಮೂರನೆಯ ಸಾಲಿಗೆ ನಿಂತಳು.

"ಏನ್ರೀ ಇದು, 'ನನ್ನ ಸ್ವೇಚ್ಛೆಯಿಂದ ಬರೆದುಕೊಟ್ಟ ಪತ್ರ'? ಸ್ವೇಚ್ಛೆ ಅಂದ್ರೆ ಹೇಳೋರು ಕೇಳೋರು ಇಲ್ದೆ ಕುಣಿಯೋದು. ನಾನು ಅಂಥವಳಾ?"

"ಸ್ವ ಮತ್ತು ಇಚ್ಛೆ ಸೇರಿದ್ರೆ ಸ್ವೇಚ್ಛೆ, ತಾಯಿ. ಗುಣಸಂಧಿ."

"ಹೊಲಿಗೆ ಸರಿಯಾಗೇ ಇದೆ. ತೋಳು ಮಾತ್ರ ಬೆನ್ನಿಗೆ ಕೂತಿದೆ."

"ಅಕ್ಕಾ, ನಿನ್ನ ದಮ್ಮಯ್ಯ, ಸಹಿ ಹಾಕೇ! ಸ್ಟ್ರೆಚರು ಬಂತು," ಎಂದಳು ತಂಗಿ.

"ಬರ್ಲಿ ಬಿಡೇ. ನಾನಿಲ್ದೆ ಅವರು ಯಾರನ್ನ ಕೊಯ್ತಾರೆ?"

ಆ ವಾಕ್ಯಕ್ಕೆ ಸಾಹೇಬರು ಮೂವತ್ತು ವರ್ಷದಿಂದ ಮುದ್ರೆ ಒತ್ತುತ್ತಿದ್ದರು. ಯಾರೂ ತಕರಾರು ತೆಗೆದಿರಲಿಲ್ಲ. ಯಾರೂ ಓದಿಯೂ ಇರಲಿಲ್ಲ. ಅವರು ಪೆನ್ನು ತೆಗೆದು 'ಸ್ವೇಚ್ಛೆಯಿಂದ' ಎಂಬುದರ ಮೇಲೆ ಗೆರೆ ಎಳೆದು 'ಸ್ವಂತ ಇಚ್ಛೆಯಿಂದ' ಎಂದು ಬರೆದರು. ತಿದ್ದುಪಡಿಗೆಂದು ಅಂಚಿನಲ್ಲೊಂದು, ಪತ್ರಕ್ಕೆಂದು ಕೆಳಗೊಂದು, ಎರಡು ಸಹಿ ಹಾಕಿಸಿದರು. ದಾಖಲೆ ಪುಸ್ತಕದಲ್ಲಿ 'ರೋಗಿಯ ಚಿತ್ತ ಸ್ವಸ್ಥವಾಗಿದೆ' ಎಂದು ಬರೆದು, ಕ್ಷಣ ಯೋಚಿಸಿ, 'ಬಹಳ' ಎಂಬುದನ್ನು ನಡುವೆ ಸೇರಿಸಿದರು.

ಮಧ್ಯಾಹ್ನ ಗುತ್ತಿಗೆ ಕಚೇರಿಯ ಗುಮಾಸ್ತ ಅಂಚಿನ ಸಹಿಯ ಮೇಲೆ ಬೆರಳಿಟ್ಟ.

"ಇದ್ಯಾಕಮ್ಮ ತಿದ್ದಿರೋದು?"

"ನಮ್ಮಕ್ಕ ಓದಿ ಸಹಿ ಹಾಕಿದಾಳೆ ಸಾರ್."

ಗುಮಾಸ್ತ ಅಂಥದ್ದನ್ನು ಹಿಂದೆ ಕಂಡಿರಲಿಲ್ಲವೇನೋ. ಪತ್ರವನ್ನು ಗೌರವದಿಂದ ಮಡಿಸಿ ಕಡತಕ್ಕೆ ಸೇರಿಸಿ, ಗುತ್ತಿಗೆಯನ್ನು ಮುಂದುವರಿಸಿದ.