ನನ್ನ ಎಡಕ್ಕೆ ಈಜುತ್ತಿದ್ದವಳು

ದೆವ್ವದ ಕಥೆ ಶುರುವಾದರೆ ನಾನು ಎದ್ದು ಹೋಗುವವಳು. ಈಗಲೂ ಅಂಥದ್ದನ್ನೆಲ್ಲ ನಂಬುತ್ತೇನೆ ಎನ್ನಲಾರೆ. ಆದರೆ ಪಿಯುಸಿ ಓದುತ್ತಿದ್ದಾಗ ಹೊಸನಗರದ ಹಿನ್ನೀರಿನಲ್ಲಿ ನಡೆದದ್ದನ್ನು ಸುಳ್ಳೆಂದು ತಳ್ಳಿಹಾಕಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ.

ನಾನು ಮತ್ತು ಗೆಳತಿ ಸುಷ್ಮಾ ರಾಜ್ಯಮಟ್ಟದ ಈಜು ಸ್ಪರ್ಧೆಗೆ ತಯಾರಾಗುತ್ತಿದ್ದೆವು. ಹತ್ತಿರದಲ್ಲಿ ಈಜುಕೊಳವಿರಲಿಲ್ಲ. ನಿವೃತ್ತರಾಗಿದ್ದ ಪಿ.ಟಿ. ಮೇಷ್ಟ್ರು ಭಾನುವಾರ ಬೆಳಿಗ್ಗೆ ಹಿನ್ನೀರಿಗೆ ಕರೆಸಿ, ನೀರಿನ ನಡುವೆ ನಿಂತಿದ್ದ ಒಣಮರವನ್ನು ಮುಟ್ಟಿ ಬರಲು ಹೇಳುತ್ತಿದ್ದರು. ಸುಷ್ಮಾ ನನಗಿಂತ ಚುರುಕು. ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದೆ, ಮನೆಯಿಂದ ಹೊರಬೀಳಬಹುದು ಎಂಬುದೊಂದೇ ಅವಳ ಆಸೆ. ಮಗಳು ಈಜುಡುಗೆ ತೊಟ್ಟು ನಾಲ್ಕು ಜನರೆದುರು ನಿಲ್ಲುವುದು ಅವಳ ಅಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. "ನೀರಲ್ಲೇ ಇದ್ಬಿಡೋಣ ಅನ್ಸತ್ತೆ ಕಣೆ" ಎಂದು ಆ ವಾರ ಒಮ್ಮೆ ಹೇಳಿದ್ದಳು.

ಆ ಭಾನುವಾರ ದಟ್ಟ ಮಂಜು. ಸುಷ್ಮಾ ಬರಲಿಲ್ಲ. ಕಾದು ಸಾಕಾಗಿ ನಾನೊಬ್ಬಳೇ ಇಳಿದೆ. ಮರ ಮುಟ್ಟಿ ಹಿಂದಿರುಗುವಾಗ, ಉಸಿರಿಗೆಂದು ಎಡಕ್ಕೆ ಹೊರಳಿದರೆ ಪಕ್ಕದಲ್ಲೊಂದು ತೋಳು, ಸುಷ್ಮಾಳ ಕೆಂಪು ಟೋಪಿ. ತಡವಾಗಿಯಾದರೂ ಬಂದಳಲ್ಲ ಎಂದು ಖುಷಿಯಾಯಿತು. ಅವಳ ಲಯಕ್ಕೆ ಸರಿಯಾಗಿ ಕೈ ಬೀಸಿದೆ. ಆದರೆ ಅವಳು ಒಮ್ಮೆಯೂ ಉಸಿರಿಗೆ ಮುಖ ಎತ್ತಲಿಲ್ಲ.

ದಡ ಹತ್ತಿರವಾದಾಗ ಮೇಷ್ಟ್ರು ಕೂಗುತ್ತಿದ್ದರು: "ಅವ್ಳು ಯಾಕೆ ವಾಪಸ್ ಹೋಗ್ತಿದಾಳೆ? ಕರಿಯೇ ಅವ್ಳನ್ನ!"

ಹಿಂದಿರುಗಿ ನೋಡಿದೆ. ಕೆಂಪು ಟೋಪಿ ಮರದ ಕಡೆಗೆ ಹೋಗುತ್ತಿತ್ತು. ಮಂಜಿನಲ್ಲಿ ಮಸುಕಾಯಿತು, ಆಮೇಲೆ ಕಾಣಲಿಲ್ಲ. ಮೇಷ್ಟ್ರು ಉಟ್ಟ ಬಟ್ಟೆಯಲ್ಲೇ ಧುಮುಕಿದರು. ಇಬ್ಬರೂ ಮರದ ಬುಡದಲ್ಲಿ ಮುಳುಗಿ ಮುಳುಗಿ ಹುಡುಕಿದೆವು. ಕೈಗೆ ಸಿಕ್ಕಿದ್ದು ಕೆಸರು ಮತ್ತು ಕೊಳೆತ ಬೇರು. ಅವಳ ಅಮ್ಮನಿಗೆ ಏನು ಹೇಳುವುದು ಎಂದು ನಾನು ಅಳುತ್ತಲೇ ದಡ ಹತ್ತಿದೆ.

ಅಷ್ಟರಲ್ಲಿ ಸುಷ್ಮಾ ರಸ್ತೆಯ ಕಡೆಯಿಂದ ಇಳಿದು ಬಂದಳು. ಚೂಡಿದಾರ್ ಹಾಕಿದ್ದಳು. ಬಿಗಿಯಾಗಿ ಹೆಣೆದ ಜಡೆಯಲ್ಲಿ ಒಂದು ಹನಿ ನೀರಿರಲಿಲ್ಲ. ಅವಳು ನಮ್ಮನ್ನು ನೋಡಲಿಲ್ಲ, ಮರವನ್ನೇ ನೋಡುತ್ತಾ ಕೇಳಿದಳು: "ಸಿಕ್ಲಾ ಅವ್ಳು?"

ಇಷ್ಟು ಹೊತ್ತು ಎಲ್ಲಿದ್ದೆ ಎಂದು ಮೇಷ್ಟ್ರು ಕೇಳಿದರು. ಹಿಂದಿನ ದಿನ ಅಪ್ಪ ತನ್ನ ಈಜುಡುಗೆ, ಟೋಪಿ ಎರಡನ್ನೂ ಬಚ್ಚಲ ಒಲೆಗೆ ಹಾಕಿದರೆಂದೂ, ಇನ್ನು ಬರುವುದಿಲ್ಲವೆಂದು ಹೇಳಿಹೋಗಲು ಬಂದೆನೆಂದೂ ಸುಷ್ಮಾ ತಿಳಿಸಿದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಮೇಷ್ಟ್ರು ಮತ್ತೆ ಯಾರನ್ನೂ ಹಿನ್ನೀರಿಗೆ ಇಳಿಸಲಿಲ್ಲ. ನಾನು ಸ್ಪರ್ಧೆಗೆ ಹೋದೆ. ಎಡಕ್ಕೆ ಮುಖ ತಿರುಗಿಸಲು ಧೈರ್ಯ ಸಾಲದೆ ಸೋತು ಬಂದೆ.

ಈಚೆಗೆ ಸಾಗರದಲ್ಲಿ ಸುಷ್ಮಾ ಸಿಕ್ಕಳು. ಅಲ್ಲೇ ಟೀಚರ್ ಆಗಿದ್ದಾಳೆ. ಹೋಟೆಲಿನಲ್ಲಿ ಕಾಫಿ ಕುಡಿಯುವಾಗ, ಆವತ್ತು ದಡದಲ್ಲಿ "ಸಿಕ್ಲಾ ಅವ್ಳು" ಅಂತ ಯಾರ ಬಗ್ಗೆ ಕೇಳಿದ್ದು ಎಂದು ವಿಚಾರಿಸಿದೆ. ಅವಳು ಲೋಟ ಕೆಳಗಿಟ್ಟಳು.

"ಇನ್ನೂ ಸಿಕ್ಕಿಲ್ಲ ಅಲ್ವಾ?" ಎಂದಳು.

ಆಮೇಲೆ ಮಕ್ಕಳ ಪರೀಕ್ಷೆಯ ಮಾತೆತ್ತಿದಳು.