ಪಣಂಬೂರಿಗೆ ಹೋದ ಮನೆ

ಸರ್ವೋತ್ತಮಣ್ಣನಿಗೆ ಮಂಗಳೂರಿನ ಮನೆಗಳು ಬಾಯಿಪಾಠ. ಫಳ್ನೀರಿನ ನಮ್ಮ ಖಾಸಗಿ ಆಂಬುಲೆನ್ಸ್ ಆಫೀಸಿನಲ್ಲಿ ಅವರು ಇಪ್ಪತ್ತೆಂಟು ವರ್ಷ ಫೋನಿನ ಮುಂದೆ ಕೂತವರು. ನಾನು ಡೆನ್ಜಿಲ್, ಹನ್ನೊಂದು ವರ್ಷ ಅವರು ಹೇಳಿದ ಕಡೆಗೆ ಗಾಡಿ ಓಡಿಸಿದವನು. "ಗುಡ್ಡೆ ಇಳಿ, ಬಾವಿ ಸಿಕ್ತದೆ, ಅಲ್ಲಿಂದ ಪಡ್ಡಾಯಿಗೆ ಹೋಗು. ಮೂರನೇ ಗೇಟು. ನಾಯಿ ಉಂಟು, ಕಚ್ಚುವುದಿಲ್ಲ" ಎನ್ನುತ್ತಿದ್ದರು. ಪಡ್ಡಾಯಿ ಎಂದರೆ ಪಶ್ಚಿಮ, ಸಮುದ್ರದ ಕಡೆ. ನಾಯಿ ಕಚ್ಚುತ್ತದೋ ಇಲ್ಲವೋ ಎಂದು ಹೇಳುವ ಮ್ಯಾಪ್ ಇದ್ದರೆ ನನಗೂ ತೋರಿಸಿ. ಅವರು ನನ್ನನ್ನು ಒಮ್ಮೆಯೂ ತಪ್ಪು ಮನೆಗೆ ಕಳಿಸಿದವರಲ್ಲ.

ಕಳೆದ ವರ್ಷ ಹಳೆಯ ಧಣಿಗಳ ಮಗ ರಿತೇಶ್ ಯಜಮಾನನಾದ. ಬಂದವನೇ ಇಂಟರ್ನೆಟ್ಟಿನಲ್ಲಿ ನಡೆಯುವ ಹೊಸ ಮ್ಯಾಪ್ ತಂದ, ಕಂಪ್ಯೂಟರಿನ ಆಫೀಸ್ ತಂತ್ರಾಂಶವನ್ನೆಲ್ಲ ಅಪ್‌ಡೇಟ್ ಮಾಡಿಸಿದ. ವರ್ಷಕ್ಕಿಷ್ಟು ಎಂದು ಹಣ ಕಟ್ಟಿದ ಸದಸ್ಯರ ಮನೆಗೆಲ್ಲ ಮ್ಯಾಪಿನಲ್ಲಿ ಒಂದೊಂದು ಕೆಂಪು ಪಿನ್ ಇಡಬೇಕು. ಕರೆ ಬಂದಾಗ ಫೋನ್ ನಂಬರ್ ಒತ್ತಿದರೆ ಪಿನ್ ನೇರ ಗಾಡಿಯ ಟ್ಯಾಬಿಗೆ ಬರುತ್ತದೆ. ಹೆಸರು ಇಲ್ಲ, ಊರು ಇಲ್ಲ. ಡ್ರೈವರುಗಳು ಆಫೀಸಿಗೆ ಫೋನ್ ಮಾಡಿ ದಾರಿ ಕೇಳಬಾರದು ಎಂಬುದು ಅವನ ಕಟ್ಟುನಿಟ್ಟಿನ ಅಪ್ಪಣೆ.

"ಶುಕ್ರವಾರ ನನ್ನೆದುರು ಮಾಡಿ ತೋರಿಸಿ. ಆಗದಿದ್ದರೆ ಬೇರೆ ಜನ ನೋಡ್ತೇನೆ" ಎಂದ. ಐವತ್ತೆಂಟು ವರ್ಷದ ಮನುಷ್ಯನಿಗೆ ಹೇಳುವ ಮಾತೇ ಇದು? ನನಗೆ ಮೈ ಉರಿಯಿತು. ಸರ್ವೋತ್ತಮಣ್ಣ ಮಾತ್ರ ತಲೆ ತಗ್ಗಿಸಿ ಹೊರಗೆ ಬಂದರು.

ಮೂರು ನೋಟು ಪುಸ್ತಕಗಳಲ್ಲಿದ್ದ ಮನೆಗಳನ್ನೆಲ್ಲ ಅವರೇ ಮ್ಯಾಪಿಗೆ ಏರಿಸಿದರು. ಅಪ್‌ಡೇಟ್ ಆದಲ್ಲಿಂದ ಬಟನ್ನುಗಳೆಲ್ಲ ಜಾಗ ಬದಲಿಸಿದ್ದವು. "ನಿನ್ನೆ ಇಲ್ಲಿದ್ದದ್ದು ಇವತ್ತು ಎಲ್ಲಿ ಹೋಯ್ತು ಮಾರಾಯ? ಇದು ಹೋದ್ರೆ ನನಗೆ ಬೇರೆ ಎಂತ ಬರ್ತದೆ ಹೇಳು" ಎಂದು ನನ್ನ ಮುಖ ನೋಡುತ್ತಿದ್ದರು. ಪಕ್ಕದ ಕುರ್ಚಿಯ ಫರ್ಝಾನಾಳನ್ನು ಕೇಳಬಹುದಿತ್ತು. ಅವಳು ಸೇರಿ ಎರಡು ತಿಂಗಳಾಗಿತ್ತು, ಅವಳಿಗೆ ಕೆಲಸ ಕಲಿಸಿದವರು ಇವರೇ. ಕೇಳಲು ಇವರಿಗೆ ನಾಚಿಕೆ.

ಗುರುವಾರ ಊಟದ ಹೊತ್ತಿಗೆ ಪಿನ್ ಜರುಗಿಸುವುದನ್ನು ಅಭ್ಯಾಸ ಮಾಡುತ್ತಿದ್ದರು. ಯಾರ ಮನೆಯ ಪಿನ್? ತಮ್ಮದೇ, ಅದೂ ಪಟ್ಟಿಯಲ್ಲಿತ್ತು. ಬೇರೆಯವರ ಮನೆಯನ್ನು ಆಟಕ್ಕೆ ಮುಟ್ಟಬಾರದು, ಅದೂ ಕಾಯಿಲೆಯವರಿರುವ ಮನೆ, ಎಂದು ಅವರ ಲೆಕ್ಕ. ಆಫೀಸಿಗೆ ಹತ್ತಿರವೇ ಬೋಳಾರದಲ್ಲಿದ್ದ ತಮ್ಮ ಮನೆಯನ್ನು ಮೊದಲು ಫಳ್ನೀರಿನ ದೊಡ್ಡ ಅಪಾರ್ಟ್‌ಮೆಂಟಿಗೆ ತಂದಿಟ್ಟರು. "ಲಿಫ್ಟ್ ಉಂಟು, ಶಶಿಗೆ ಒಳ್ಳೆಯದು" ಎಂದರು. ಶಶಿ ಎಂದರೆ ಹೆಂಡತಿ ಶಶಿಪ್ರಭಾ, ಬಿ.ಪಿ. ಹೆಚ್ಚಿದ್ದವರು. ಆಮೇಲೆ ಮನೆಯನ್ನು ಎಳೆದು ಊರಾಚೆ ಪಣಂಬೂರು ಕಡಲತೀರದ ಮರಳಿನ ಮೇಲೆ ಬಿಟ್ಟರು. "ಸಂಜೆ ಗಾಳಿ ಬರ್ತದೆ ಅವಳಿಗೆ." ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಅಷ್ಟರಲ್ಲಿ ರಿತೇಶ್ ಕರೆದ. ಇವರು ತಟ್ಟನೆ ಪರದೆ ಮುಚ್ಚಿದರು.

"ಮನೆ ಪಣಂಬೂರಲ್ಲೇ ಉಂಟಲ್ಲ" ಎಂದೆ.

"ಸೇವ್ ಮಾಡ್ಲಿಲ್ಲ ಅಲ್ವಾ. ಅದು ಹಿಂದೆ ಹೋಗ್ತದೆ."

ಸೇವ್ ಒತ್ತದೆ ಯಾವುದೂ ಉಳಿಯುವುದಿಲ್ಲ ಎಂದು ಇಪ್ಪತ್ತು ವರ್ಷ ಕಂಪ್ಯೂಟರ್ ಕಲಿಸಿದ ಪಾಠ ಅದು. ಹೊಸದರಲ್ಲಿ ಸೇವ್ ಬಟನ್ನೇ ಇರಲಿಲ್ಲ. ಮುಟ್ಟಿದ್ದೆಲ್ಲ ಆ ಕ್ಷಣವೇ ಉಳಿಯುತ್ತಿತ್ತು. ಅದು ನನಗೂ ಗೊತ್ತಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಅವರು ಮೊಬೈಲನ್ನು ಮೇಜಿನ ಮೇಲೆ ಬಿಟ್ಟು ರಿತೇಶನ ಕೋಣೆಗೆ ಹೋದರು. ಐದು ನಿಮಿಷದಲ್ಲಿ ನನ್ನ ಟ್ಯಾಬ್ ಕೂಗಿತು. ತೊದಲುವ ಹೆಂಗಸಿನ ದನಿಯ ಕರೆ ಬಂದಿತ್ತಂತೆ. ಫರ್ಝಾನಾ ನಂಬರ್ ಒತ್ತಿ, "ಗಾಡಿ ಹೊರಟಿತು" ಎಂದು ಧೈರ್ಯ ಹೇಳಿದ್ದಳು. ಪಿನ್ ಪಣಂಬೂರು ತೋರಿಸಿತು. ಬಂದರಿನ ಕೆಲಸಗಾರರು ಯಾರಾದರೂ ಇರಬೇಕೆಂದು ಸೈರನ್ ಹಾಕಿ ಹೊರಟೆ. ಕೂಳೂರು ಸೇತುವೆಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಹಾರ್ನ್ ಹೊಡೆದು, ಬೈದು, ದಾರಿ ಮಾಡಿಕೊಂಡೆ. ಪಿನ್ ಇದ್ದಲ್ಲಿ ಇಳಿದು ನೋಡಿದರೆ ಮರಳು, ಅದರಾಚೆ ನೀರು. ಮನೆ ಬಿಡಿ, ಒಂದು ಗುಡಿಸಲೂ ಇಲ್ಲ. ಆಗ ನಿನ್ನೆಯ ನಗು ನೆನಪಾಯಿತು.

ಅಪ್ಪಣೆ ಹಾಳಾಗಲಿ ಎಂದು ಆಫೀಸಿಗೆ ಫೋನ್ ಮಾಡಿದೆ. "ಫರ್ಝಾನಾ, ಅದು ಸರ್ವೋತ್ತಮಣ್ಣನ ಮನೆ! ಬೋಳಾರ! ಅವರನ್ನು ಕರಿ!" ಅವಳು ಬಾಗಿಲು ದೂಡಿ ಒಳಗೆ ಓಡಿದಾಗ ರಿತೇಶ್ ಅವರ ಕೈ ಕುಲುಕುತ್ತಿದ್ದನಂತೆ. ಪರೀಕ್ಷೆಯಲ್ಲಿ ಪಾಸಾಗಿದ್ದರು.

ನಾನು ಆಸ್ಪತ್ರೆ ತಲುಪುವಾಗ ಶಶಿಯಕ್ಕ ಐ.ಸಿ.ಯು.ನಲ್ಲಿದ್ದರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ, ಬಲಗಾಲು ಹೋಗಿದೆ, ಮಾತು ಬರುವುದೂ ಕಷ್ಟ, ಸ್ವಲ್ಪ ಬೇಗ ತಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ಸರ್ವೋತ್ತಮಣ್ಣ ಫೋನಿನಲ್ಲಿ ಫರ್ಝಾನಾಳೊಡನೆ ಒಂದೇ ಮಾತು ಕೇಳುತ್ತಿದ್ದರು. "ನಮ್ಮ ಮನೆಯನ್ನು ವಾಪಸ್ ಬೋಳಾರದಲ್ಲಿ ಇಟ್ಟೆಯಾ? ಸರಿ ನೋಡು ಮಗಾ. ಅಲ್ಲೇ ಉಂಟಾ?" ಕೇಳಲಾರದೆ ನಾನು ಫೋನ್ ಕಿತ್ತುಕೊಂಡೆ.

ಕೊನೆಗೆ ಶಶಿಯಕ್ಕನನ್ನು ತನ್ನ ಕಾರಿನಲ್ಲಿ ಕರೆತಂದವಳು ಪಕ್ಕದ ಮನೆಯ ಮುಮ್ತಾಝ್. ಅವಳು ಅಳುತ್ತಾ ನಮ್ಮ ಹತ್ತಿರ ಬಂದಳು.

"ನಾನು ಆಗಲೇ ಕಾರು ತೆಗೆದಿದ್ದೆ ಅಣ್ಣಾ. ಕೈ ಹಿಡಿದು ಎಳೆದೆ. ಅಕ್ಕ ಗೇಟಿನ ಹತ್ತಿರ ಕೂತವರು ಏಳಲೇ ಇಲ್ಲ. ಬೇಡ, ಅವರ ಗಾಡಿ ಬರ್ತದೆ, ಅವರಿಗೆ ಮನೆ ತಪ್ಪುವುದಿಲ್ಲ ಅಂತ ಹೇಳ್ತಾ ಇದ್ರು. ಮಾತು ನಿಲ್ಲುವವರೆಗೂ ಅದನ್ನೇ ಹೇಳಿದ್ರು."